ಯಾವ ಕೆಲಸ ಎಲ್ಲಕ್ಕಿಂತ ಅಪಾಯದ್ದು?

ಕಷ್ಟದ ಕೆಲಸ ಬೇರೆ, ಅಪಾಯದ ಕೆಲಸ ಬೇರೆ. ನಾವು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಗದ್ದೆಯಲ್ಲಿ ನೇಜಿ ನೆಡುವುದು ಕಷ್ಟದ ಕೆಲಸ. ದಿನವಿಡೀ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಿಂತ ಹೆಂಗಸಿಗೆ ಸಂಜೆ ನೆಟ್ಟಗಾಗುವುದೇ ಪ್ರಯಾಸ. ಆದರೆ ಅದರಲ್ಲಿ ಪ್ರಾಣಭಯವಿಲ್ಲ. ಅಪಾಯದ ಕೆಲಸವೆಂದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವನು ಸಂಜೆ ಮನೆಗೆ ಬಾರದೆ ಹೋಗಬಹುದಾದ ಕೆಲಸ. ಈ ವಾರದ ಪಾಠ ಈ ಎರಡನೆಯ ಜಾತಿಯ ಕೆಲಸದ ವಿಷಯವಾಗಿದೆ.

ಲೋಕದಲ್ಲಿ ಇಂಥ ಕೆಲಸಗಳ ಲೆಕ್ಕವಿಡುವವರೂ ಇದ್ದಾರೆ. ಅಮೆರಿಕ ದೇಶದ ವಾರ್ಷಿಕ ಲೆಕ್ಕದಲ್ಲಿ ಕಾಡಿನಲ್ಲಿ ಮರ ಕಡಿಯುವವರು ಮತ್ತು ಕಡಲಿನಲ್ಲಿ ಮೀನು ಹಿಡಿಯುವವರು ವರುಷ ವರುಷವೂ ಮೇಲಿನ ಸಾಲಿನಲ್ಲಿಯೇ ಕಾಣಸಿಗುತ್ತಾರೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ಅತಿ ಅಪಾಯದ ಉದ್ಯೋಗಗಳೆಂದು ಮೂರನ್ನು ಹೆಸರಿಸುತ್ತಾರೆ: ಗಣಿ, ಕಟ್ಟಡ ಕೆಲಸ, ಕೃಷಿ. ಮೊದಲಿನ ಎರಡನ್ನು ಕೇಳಿ ಯಾರೂ ಆಶ್ಚರ್ಯಪಡಲಾರರು. ಆದರೆ ಮೂರನೆಯದು ನಮ್ಮದೇ. ಹಾರೆ ಹಿಡಿದು ಅಂಗಳದಿಂದ ತೋಟಕ್ಕಿಳಿಯುವ ನಾವು ಗಣಿ ಕೆಲಸದವರ ಸಾಲಿನಲ್ಲಿ ನಿಂತಿದ್ದೇವೆಂದು ಎಷ್ಟು ಮಂದಿಗೆ ಗೊತ್ತು?

ನಮ್ಮ ಕಾಸರಗೋಡಿನ ಕಡೆ ಯಾರನ್ನು ಕೇಳಿದರೂ ಅಡಕೆ ಮರ ಹತ್ತುವುದೇ ಎಲ್ಲಕ್ಕಿಂತ ಅಪಾಯದ ಕೆಲಸವೆಂದು ಹೇಳುವರು. ಅದಕ್ಕೆ ಕಾರಣವೂ ಉಂಟು. ಐವತ್ತು, ಅರುವತ್ತು ಅಡಿ ಎತ್ತರದ, ತೊಡೆಯಷ್ಟೂ ದಪ್ಪವಿಲ್ಲದ ಮರ. ಕಾಲಿಗೊಂದು ತಳೆ, ಕುಳಿತುಕೊಳ್ಳಲೊಂದು ಮಣೆ, ಸೊಂಟದಲ್ಲಿ ಕತ್ತಿ. ನುರಿತವನು ಒಂದು ಮರದ ಗೊನೆ ತೆಗೆದ ಮೇಲೆ ಕೆಳಗಿಳಿಯದೆ ಆ ಮರವನ್ನೇ ಬಾಗಿಸಿ ಪಕ್ಕದ ಮರವನ್ನು ಹಿಡಿಯುತ್ತಾನೆ. ಮಹಾಳಿ ರೋಗಕ್ಕೆ ಮದ್ದು ಬಿಡುವ ಕೆಲಸ ಇನ್ನೂ ಕಠಿಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣದ ಲೆಕ್ಕದಲ್ಲಿ ಕೂಡಿಸಿದ ಬೋರ್ಡೊ ದ್ರಾವಣವನ್ನು ಮಳೆಗೆ ಮೊದಲೊಮ್ಮೆ, ಮಳೆಯ ನಡುವೆ ಬಿಸಿಲು ಕಂಡಾಗ ಮತ್ತೊಮ್ಮೆ ಬಿಡಬೇಕಷ್ಟೆ. ಆ ಎರಡನೆಯ ಸಲ ಮರವೆಲ್ಲ ಪಾಚಿ ಹಿಡಿದು ಜಾರುತ್ತಿರುತ್ತದೆ. ಈಗ ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಇಳಿಸುವ ಫೈಬರ್ ದೋಟಿಗಳು ಬಂದಿವೆ. ಬೆಲೆ ಹೆಚ್ಚಾದರೂ ನಾಲ್ಕು ಮನೆಯವರು ಕೂಡಿ ಒಂದನ್ನು ತರಿಸಿಕೊಳ್ಳುವುದು ಒಳ್ಳೆಯದು.

ಆದರೂ ನನ್ನ ಉತ್ತರ ಅಡಕೆ ಮರವಲ್ಲ. ಮರದ ಅಪಾಯವು ಕಣ್ಣಿಗೆ ಕಾಣುತ್ತದೆ. ಹತ್ತುವವನಿಗೆ ಎತ್ತರ ಗೊತ್ತು, ಮರದ ಹಳತು ಹೊಸತು ಗೊತ್ತು, ಇಂದು ಜಾರುತ್ತದೆಂಬುದು ಮೊದಲ ಹೆಜ್ಜೆಗೇ ಗೊತ್ತು. ಒಬ್ಬನು ಬಿದ್ದರೆ ನೋಡುತ್ತಿದ್ದ ಎರಡನೆಯವನೂ ಮೂರನೆಯವನೂ ಹಿಂದೆಯೇ ಬಿದ್ದು ಸಾಯುವುದಿಲ್ಲ. ಹಾಗೆ ಒಬ್ಬರ ಹಿಂದೊಬ್ಬರು ಸಾಯುವ ಕೆಲಸವೊಂದು ನಮ್ಮ ತೋಟದಲ್ಲಿಯೇ ಇದೆ, ಅದೂ ಮರದಷ್ಟೆತ್ತರ ಮೇಲಲ್ಲ, ಕೆಳಗೆ. ಬಾವಿಗೆ ಇಳಿಯುವ ಕೆಲಸ.

ಏಪ್ರಿಲ್, ಮೇ ತಿಂಗಳಲ್ಲಿ ನೀರು ತಳ ಕಂಡಾಗ ಬಾವಿಯ ಕೆಸರು ತೆಗೆಯುವುದು, ಇನ್ನೆರಡು ಅಡಿ ಆಳ ಮಾಡುವುದು, ಪಂಪಿನ ಫೂಟ್‌ವಾಲ್ವ್ ಸರಿಪಡಿಸುವುದು ನಡೆಯುತ್ತದೆ. ಬಿದ್ದ ಕೋಳಿಯನ್ನೋ ಬೆಕ್ಕನ್ನೋ ಎತ್ತಲೆಂದೂ ಇಳಿಯುತ್ತಾರೆ. ಆಮೇಲೆ ಪೇಪರಿನಲ್ಲಿ ಬರುವ ಸುದ್ದಿ ಹೆಚ್ಚುಕಡಮೆ ಒಂದೇ ಪಡಿಯಚ್ಚಿನದು. ಇಳಿದವನು ಮಾತಾಡಲಿಲ್ಲ, ಅಣ್ಣನು ಇಳಿದನು, ಅವನೂ ಮೇಲೆ ಬರಲಿಲ್ಲ, ನೆರೆಮನೆಯವನು ಇಳಿದನು. ಅಮೆರಿಕದ ಸರಕಾರಿ ಸಂಸ್ಥೆಯೊಂದು 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ತೊಟ್ಟಿ, ಗುಂಡಿ ಮೊದಲಾದ ಇಕ್ಕಟ್ಟು ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಮೊದಲಿನವನನ್ನು ಉಳಿಸಲು ಹೋದವರೇ ಎಂದು ತಿಳಿಸಿತ್ತು. ನಮ್ಮ ಕೇರಳದಲ್ಲಿಯೇ 2015ರ ನವೆಂಬರದಲ್ಲಿ ಕೋಳಿಕ್ಕೋಡು ಪಟ್ಟಣದ ಚರಂಡಿಯ ಗುಂಡಿಗಿಳಿದ ಆಂಧ್ರದ ಇಬ್ಬರು ಕೆಲಸಗಾರರು ಎಚ್ಚರ ತಪ್ಪಿದರು. ದಾರಿಯಲ್ಲಿದ್ದ ಆಟೋ ಚಾಲಕನೊಬ್ಬನು ಅವರನ್ನು ಎತ್ತಲು ಹಿಂದುಮುಂದು ನೋಡದೆ ಇಳಿದನು. ಮೂವರೂ ಉಳಿಯಲಿಲ್ಲ. ಅವನ ಗುರುತು ಪರಿಚಯ ಆ ಇಬ್ಬರಿಗೂ ಇರಲಿಲ್ಲ. ಅಷ್ಟು ಒಳ್ಳೆಯ ಮನುಷ್ಯನನ್ನು ಕೊಂದದ್ದು ಏನು?

ನಾವು ಉಸಿರಾಡುವ ಗಾಳಿಯಲ್ಲಿ ನೂರು ಪಾಲಿಗೆ ಸುಮಾರು 21 ಪಾಲು ಆಮ್ಲಜನಕವಿರುತ್ತದೆ. ಇದನ್ನೇ ಪ್ರಾಣವಾಯು ಎನ್ನುವರು. ಅದು 16 ಪಾಲಿಗೆ ಇಳಿದರೆ ಉಸಿರು ವೇಗವಾಗಿ ಬುದ್ಧಿ ಮಂಕಾಗುತ್ತದೆ. 10 ಪಾಲಿಗೆ ಇಳಿದರೆ ಎಚ್ಚರ ತಪ್ಪುತ್ತದೆ. 6ಕ್ಕಿಂತ ಕೆಳಗಾದರೆ ಕೆಲವೇ ಉಸಿರುಗಳಲ್ಲಿ ಬೀಳುತ್ತಾನೆ, ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. ಇನ್ನು ಇಂಗಾಲಾಮ್ಲ ವಾಯು, ಅಂದರೆ ಈಗಿನ ಪುಸ್ತಕಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಎಂದು ಬರೆಯುವುದು, ಹೊರಗಿನ ಗಾಳಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ, ಸುಮಾರು 0.04 ಪಾಲು ಮಾತ್ರ. ಅದು 10 ಪಾಲಿಗೆ ಏರಿದಲ್ಲಿ ಪ್ರಾಣವಾಯು ಸಾಕಷ್ಟಿದ್ದರೂ ಮನುಷ್ಯನು ಸ್ವಲ್ಪ ಹೊತ್ತಿನಲ್ಲಿಯೇ ಎಚ್ಚರ ತಪ್ಪುವನು. ಈ ವಾಯುವಿಗೆ ಬಣ್ಣವಿಲ್ಲ, ಮೂಗಿಗೆ ಗೊತ್ತಾಗುವ ವಾಸನೆಯಿಲ್ಲ. ತೂಕ ಮಾತ್ರ ಸಾಧಾರಣ ಗಾಳಿಯ ಒಂದೂವರೆ ಪಟ್ಟು. ಆದುದರಿಂದ ಅದು ತಗ್ಗಿಗೆ ನೀರಿನಂತೆ ಇಳಿದು ನಿಲ್ಲುತ್ತದೆ.

ಇಟಲಿಯ ನೇಪಲ್ಸ್ ಪಟ್ಟಣದ ಹತ್ತಿರ ನಾಯಿಯ ಗುಹೆ ಎಂಬೊಂದು ಗುಹೆಯಿದೆ. ನೆಲದಿಂದ ಹೊರಡುವ ಇಂಗಾಲಾಮ್ಲ ವಾಯು ಅಲ್ಲಿ ಮೊಣಕಾಲಿನಷ್ಟು ಎತ್ತರಕ್ಕೆ ತುಂಬಿರುತ್ತಿತ್ತು. ಒಳಗೆ ಹೋದ ಮನುಷ್ಯನು ನಿಂತೇ ಇರುವನು, ಅವನ ಜೊತೆಗೆ ಹೋದ ನಾಯಿ ಬೀಳುವುದು. ಹಿಂದೆ ಯಾತ್ರಿಕರಿಗೆ ಇದನ್ನೊಂದು ಆಟವಾಗಿ ತೋರಿಸುತ್ತಿದ್ದರಂತೆ. ಆ ಕ್ರೂರತನ ಈಗ ನಿಂತಿದೆ. ಆಫ್ರಿಕದ ಕ್ಯಾಮರೂನ್ ದೇಶದಲ್ಲಿ 1986ರ ಆಗಸ್ಟ್ 21ರ ರಾತ್ರಿ ನ್ಯೋಸ್ ಎಂಬ ಕೆರೆಯ ತಳದಿಂದ ಇದೇ ವಾಯು ಒಮ್ಮೆಲೇ ಎದ್ದು, ಗುಡ್ಡದ ಇಳಿಜಾರಿನಲ್ಲಿ ಹರಿದು, ತಗ್ಗಿನ ಹಳ್ಳಿಗಳಲ್ಲಿ ಸುಮಾರು 1,700 ಜನರನ್ನೂ ಅವರ ದನಕರುಗಳನ್ನೂ ಕೊಂದಿತು. ಬೆಂಕಿಯಿಲ್ಲ, ಪ್ರವಾಹವಿಲ್ಲ. ಮನೆಗಳು ಇದ್ದ ಹಾಗೆಯೇ ಇದ್ದುವು.

ಇದನ್ನು ಮಕ್ಕಳಿಗೆ ಮನೆಯಲ್ಲಿಯೇ ತೋರಿಸಬಹುದು. ಆಳವಾದ ಪಾತ್ರೆಯೊಂದರ ತಳದಲ್ಲಿ ಎರಡು ಚಮಚ ಅಡುಗೆ ಸೋಡ ಹಾಕಿ, ಅದರ ಮೇಲೆ ಲಿಂಬೆಹುಳಿಯ ರಸವನ್ನು ಹಿಂಡಬೇಕು. ಬುರುಬುರನೆ ನೊರೆಯೆದ್ದು ಇಳಿಯುತ್ತದೆ. ನೊರೆ ಇಳಿದ ಮೇಲೆ ಪಾತ್ರೆ ಖಾಲಿಯಿದ್ದಂತೆಯೇ ಕಾಣುವುದು. ಈಗ ಉರಿಯುವ ಬೆಂಕಿಕಡ್ಡಿಯನ್ನು ಇಕ್ಕುಳದಲ್ಲಿ ಹಿಡಿದು ಮೆಲ್ಲನೆ ಒಳಗಿಳಿಸಿರಿ. ಒಂದು ಮಟ್ಟಕ್ಕೆ ಬಂದೊಡನೆ ಅದು ನಂದಿಬಿಡುತ್ತದೆ, ನೀರಿಗೆ ಅದ್ದಿದಂತೆ. ನಾನು ಈ ಪ್ರಯೋಗವನ್ನು ತರಗತಿಯಲ್ಲಿ ಪ್ರತಿವರ್ಷ ಮಾಡಿಸುತ್ತೇನೆ. ಆ ಪಾತ್ರೆಯೇ ನಿಮ್ಮ ಬಾವಿಯೆಂದು ಹೇಳಿದರೆ ಸಾಕು, ಹುಡುಗರು ಸಂಜೆ ಅದನ್ನು ಮನೆಯಲ್ಲಿ ಹೇಳದೆ ಬಿಡುವುದಿಲ್ಲ.

ಬಾವಿಗೆ ಈ ವಾಯು ಎಲ್ಲಿಂದ ಬರುತ್ತದೆ? ಮಣ್ಣಿನೊಳಗೆ ಬೇರುಗಳೂ ಕಣ್ಣಿಗೆ ಕಾಣದ ಜೀವಾಣುಗಳೂ ಸದಾ ಉಸಿರಾಡುತ್ತಿರುತ್ತವೆ. ಅವು ಪ್ರಾಣವಾಯುವನ್ನು ತೆಗೆದುಕೊಂಡು ಇಂಗಾಲಾಮ್ಲವನ್ನು ಬಿಡುತ್ತವೆ. ಆದ್ದರಿಂದ ಮಣ್ಣಿನ ಸಂದಿನಲ್ಲಿರುವ ಗಾಳಿಯಲ್ಲಿ ಈ ವಾಯು ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ನಮ್ಮ ಕೆಂಪುಕಲ್ಲಿನ ತುಂಬ ತೂತು, ಆ ತೂತುಗಳ ಮೂಲಕ ಅದು ಬಾವಿಗೆ ಒಸರುತ್ತದೆ. ಬಾವಿಗೆ ಬಿದ್ದ ಸೋಗೆ, ತರಗೆಲೆ, ಸತ್ತ ಇಲಿ ಹೆಗ್ಗಣ ಕೊಳೆತು ಇನ್ನಷ್ಟನ್ನು ಸೇರಿಸುತ್ತವೆ. ಬೇಸಗೆಯ ಹಗಲಲ್ಲಿ ಹೊರಗಿನ ಗಾಳಿ ಬಿಸಿಯಾಗಿ ಹಗುರವಾಗಿರುತ್ತದೆ, ಬಾವಿಯ ಗಾಳಿ ತಂಪಾಗಿ ಭಾರವಾಗಿರುತ್ತದೆ. ಭಾರವಾದದ್ದು ಕೆಳಗೇ ಕುಳಿತರೆ ಎರಡೂ ಬೆರೆಯುವುದು ಹೇಗೆ? ಮಳೆ ಕವಿದು ವಾತಾವರಣದ ಒತ್ತಡ ಕುಸಿದ ದಿನ ಮಣ್ಣಿನೊಳಗಿನ ಗಾಳಿ ಇನ್ನೂ ಹೆಚ್ಚಾಗಿ ಹೊರಬರುತ್ತದೆ. ನಾವು ಬಾವಿ ಕೆಲಸಕ್ಕೆ ಆರಿಸಿಕೊಳ್ಳುವುದು ಸರಿಯಾಗಿ ಇದೇ ಕಾಲವನ್ನು! ನಿನ್ನೆ ಇಳಿದು ಬಂದವನಿಗೆ ಏನೂ ಆಗಲಿಲ್ಲವೆಂದರೆ ಇಂದೂ ಆಗುವುದಿಲ್ಲವೆಂದು ಹೇಳಲು ಬಾರದಿರುವುದು ಇದರಿಂದಲೇ.

ಮುಖ್ಯವಾಗಿ ತಿಳಿಯತಕ್ಕ ಇನ್ನೊಂದು ವಿಷಯವಿದೆ. ಉಸಿರುಕಟ್ಟುವ ಸಂಕಟವು ನಮಗೆ ತಿಳಿಯುವುದು ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿದಾಗ. ಪ್ರಾಣವಾಯು ಕಡಮೆಯಾದುದಕ್ಕೆ ಶರೀರವು ಅಂಥ ಸಂಕಟದ ಸೂಚನೆಯನ್ನು ಸರಿಯಾಗಿ ಕೊಡುವುದಿಲ್ಲ. ಪ್ರಾಣವಾಯು ಮಾತ್ರ ಕಡಮೆಯಿರುವ ಗಾಳಿಗೆ ಹೋದವನಿಗೆ ಎದೆ ಬಿಗಿಯುವುದೂ ಇಲ್ಲ, ಕೂಗಬೇಕೆಂದು ತೋರುವುದೂ ಇಲ್ಲ. ಕಾಲು ಸೋಲುತ್ತದೆ, ಕುಸಿಯುತ್ತಾನೆ. ಇಂಗಾಲಾಮ್ಲ ತುಂಬಿದಲ್ಲಿ ತಲೆ ಸಿಡಿದು ಏದುಸಿರು ಬರುವುದಾದರೂ, ಅಷ್ಟರಲ್ಲಿ ಮೆಟ್ಟಲು ಹತ್ತುವ ಶಕ್ತಿ ಉಳಿದಿರುವುದಿಲ್ಲ. ‘ಉಸಿರು ಬಿಗಿಹಿಡಿದು ಇಳಿದು ಎತ್ತಿಕೊಂಡು ಬರುತ್ತೇನೆ’ ಎಂಬ ಗಟ್ಟಿಗರ ಲೆಕ್ಕವನ್ನೂ ನೋಡೋಣ. ಮೂವತ್ತು ಅಡಿ ಇಳಿದು, ಅರುವತ್ತು ಕಿಲೋ ತೂಕದ ಎಚ್ಚರವಿಲ್ಲದ ದೇಹಕ್ಕೆ ಹಗ್ಗ ಬಿಗಿದು, ಮತ್ತೆ ಮೂವತ್ತು ಅಡಿ ಹತ್ತಬೇಕು. ಅಷ್ಟು ದುಡಿಯುವವನಿಗೆ ಅರ್ಧ ನಿಮಿಷವೂ ಉಸಿರು ತಡೆಯದು.

ನಮ್ಮ ಹಿರಿಯ ಬಾವಿ ಕೆಲಸದವರಿಗೂ ಸುರಂಗ ತೋಡುವವರಿಗೂ ಇದು ಪುಸ್ತಕವಿಲ್ಲದೆ ಗೊತ್ತಿತ್ತು. ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಒಬ್ಬನೇ ಬಗ್ಗಿ ಹೋಗುವಷ್ಟು ಅಗಲದ ಸುರಂಗವನ್ನು ಕೊರೆಯುವವರು ಜೊತೆಗೆ ದೀಪವನ್ನಿಟ್ಟುಕೊಳ್ಳುವರು. ದೀಪ ಮಂಕಾದರೆ ಹಿಂದಕ್ಕೆ ಬರುವರು, ಮೇಲಿನಿಂದ ಗಾಳಿಗಂಡಿ ತೋಡುವರು. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ತೆಂಗು ಕಂಗು ಹತ್ತುವ ಕೂಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಒಬ್ಬರೇ ಸುರಂಗ ತೋಡಿ, ಹಲವು ಸುರಂಗಗಳು ಬರಡಾದರೂ ಬಿಡದೆ ಕೊನೆಗೆ ಗುಡ್ಡದಲ್ಲಿ ನೀರು ಕಂಡವರು. 2022ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿ ಕೊಟ್ಟಿತು. ಮೇಲೆ ಹೇಳಿದ ಎರಡು ಕೆಲಸಗಳನ್ನೂ ಒಬ್ಬರೇ ಮಾಡಿ ಬಾಳಿದವರೆಂದು ನನಗೆ ಅವರ ಮೇಲೆ ಇನ್ನಷ್ಟು ಗೌರವ.

ಗಣಿಗಳಲ್ಲಿಯೂ ಇದೇ ಕ್ರಮವಿತ್ತು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿಯ ಸಲಹೆಯಂತೆ 1890ರ ದಶಕದಿಂದೀಚೆ ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ವಿಷಗಾಳಿಗೆ ಮನುಷ್ಯನಿಗಿಂತ ಮೊದಲೇ ಹಕ್ಕಿ ಕುಸಿಯುವುದು. 1986ರಲ್ಲಿ ಆ ಹಕ್ಕಿಗಳಿಗೆ ನಿವೃತ್ತಿ ಕೊಟ್ಟು ಯಂತ್ರಗಳನ್ನು ಕೊಂಡರು.

ನಮ್ಮ ತೋಟದ ಕೆಳಗಣ ಬಾವಿಯ ಕೆಸರು ತೆಗೆಯಲು ಬಂದ ಹಿರಿಯರೊಬ್ಬರು ಬಾಲ್ದಿಯಲ್ಲಿ ಮೇಣದ ಬತ್ತಿ ಇಳಿಸಿದಾಗ ಎರಡಾಳು ಆಳಕ್ಕೇ ಅದು ನಂದಿತು. ಮತ್ತೊಮ್ಮೆ ಹೊತ್ತಿಸಿ ಇಳಿಸಿದರು, ಅದೇ ಮಟ್ಟದಲ್ಲಿ ಮತ್ತೆ ನಂದಿತು. ‘ಇವತ್ತು ಬೇಡ ಮಾಷ್ಟ್ರೇ, ನಾಳೆ ನೋಡುವ’ ಎಂದು ಮುಂಡಾಸು ಬಿಚ್ಚಿ ಕುಳಿತರು. ಅವರಿಗೆ ಆ ದಿನದ ಸಂಬಳವನ್ನು ಕೊಡಲೇಬೇಕು, ಕೊಟ್ಟೆ. ದೀಪ ನಂದಿದ ದಿನ ಕೂಲಿಯಿಲ್ಲವೆಂದು ಹೇಳುವ ಧನಿಯ ಬಾವಿಗೆ ದೀಪ ನಂದಿದರೂ ಇಳಿಯುವವರೇ ಸಿಗುತ್ತಾರೆ. ಇದು ಸಣ್ಣ ಮಾತಲ್ಲ. ಮನೆಯಲ್ಲಿ ಒಲೆ ಉರಿಯಬೇಕಾದವನು ‘ಆಗುವುದಿಲ್ಲ’ ಎನ್ನಬೇಕಾದರೆ ಅವನಿಗೆ ಆ ಮಾತಿನ ಖರ್ಚನ್ನು ನಾವು ಕೊಡತಕ್ಕದ್ದು.

ದೀಪದ ಪರೀಕ್ಷೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಪ್ರಾಣವಾಯು ಸುಮಾರು 16 ಪಾಲಿಗೆ ಇಳಿದಾಗ ಮೇಣದ ಬತ್ತಿ ನಂದುತ್ತದೆ. ಮನುಷ್ಯನು ಬೀಳುವುದಕ್ಕೆ ಇನ್ನೂ ಸ್ವಲ್ಪ ಅವಕಾಶವಿರುವಾಗಲೇ ಅದು ಎಚ್ಚರಿಸುತ್ತದೆ. ಆದುದರಿಂದ ದೀಪ ನಂದಿದರೆ ಇಳಿಯಕೂಡದು, ಇದರಲ್ಲಿ ಎರಡು ಮಾತಿಲ್ಲ. ಆದರೆ ದೀಪ ಉರಿದರೆ ಇಳಿಯಬಹುದೆಂದು ಅರ್ಥವಲ್ಲ. ಎಣ್ಣೆ ಪಂಪಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ದೀಪವನ್ನು ನಂದಿಸದೆಯೇ ಮನುಷ್ಯನನ್ನು ಕೊಲ್ಲುತ್ತದೆ. ಆದ್ದರಿಂದ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬಾರದು, ಬಾಯಿಯ ಅಂಚಿನಲ್ಲಿಯೂ ಇಡಬಾರದು. ಗೋಬರ್ ಗ್ಯಾಸಿನ ಗುಂಡಿ, ಪಾಯಿಖಾನೆಯ ಗುಂಡಿ ಇವುಗಳ ಹತ್ತಿರ ದೀಪವನ್ನು ತರಲೇಕೂಡದು. ಅಲ್ಲಿರುವುದು ಹೊತ್ತಿಕೊಳ್ಳುವ ಗ್ಯಾಸು. ಅಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಬ ಇನ್ನೊಂದು ವಿಷವೂ ಇರುತ್ತದೆ. ಅದು ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ಹೋಯಿತೆಂದು ತೋರುವುದು. ವಾಸನೆ ನಿಂತಿತು, ಇನ್ನು ಇಳಿಯೋಣ ಎಂದವನು ಕೆಟ್ಟ! ಇಂಥ ಗುಂಡಿಗಳಿಗೆ ರಕ್ಷಣೆಯ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರದಲ್ಲಿ ಹೇಳಿತು. ಯಂತ್ರದ ಗಾಡಿ ತರಿಸಿದರೆ ಅದಕ್ಕಾಗುವ ಬಾಡಿಗೆ ಎಷ್ಟರದು?

ಬಾವಿಯ ಗಾಳಿಯನ್ನು ಬದಲಾಯಿಸುವುದು ಹೇಗೆಂದು ನೋಡೋಣ. ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗದಲ್ಲಿ ಇಳಿಸಿ ಏರಿಸಿ ಕದಡುವುದು ಹಳೆಯ ಕ್ರಮ. ಏನೂ ಇಲ್ಲದಲ್ಲಿ ಅದೂ ಒಳ್ಳೆಯದೇ, ಆದರೆ ಅದನ್ನೇ ನಂಬಿ ಕೂರಲಾಗದು. ಈಗ ಕರೆಂಟಿನ ಬ್ಲೋವರ್ ಬಾಡಿಗೆಗೆ ಸಿಗುತ್ತದೆ. ಅದನ್ನು ಮೇಲಿಟ್ಟು ಅದರ ದಪ್ಪ ಕೊಳವೆಯನ್ನು ತಳದವರೆಗೆ ಬಿಡಬೇಕು. ಬಾಯಿಯಲ್ಲಿ ಫ್ಯಾನ್ ಇಟ್ಟರೆ ಮೇಲಿನ ಗಾಳಿ ಮೇಲೆಯೇ ಸುತ್ತುವುದು. ಎಷ್ಟು ಹೊತ್ತು ಊದಬೇಕು? ಇದು ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. ಬಾವಿಯ ಅಡ್ಡಳತೆ 3 ಮೀಟರ್, ಆಳ 10 ಮೀಟರ್ ಎಂದಿರಲಿ. ಅರ್ಧ ಅಡ್ಡಳತೆಯ ವರ್ಗ 2.25. ಅದನ್ನು 3.14ರಿಂದಲೂ 10ರಿಂದಲೂ ಗುಣಿಸಿದರೆ ಹೆಚ್ಚುಕಡಮೆ 70 ಘನಮೀಟರ್ ಗಾಳಿ. ನಿಮ್ಮ ಬ್ಲೋವರ್ ನಿಮಿಷಕ್ಕೆ 10 ಘನಮೀಟರ್ ಊದುವುದಾದರೆ ಒಂದು ಸಲ ತುಂಬಲು 7 ನಿಮಿಷ ಬೇಕು. ಹೊಸದು ಹಳತಿನೊಡನೆ ಬೆರೆಯುತ್ತಲೇ ಹೋಗುವುದರಿಂದ ಒಂದು ಸಲ ಸಾಲದು. ಐದು ಸಲವಾದರೂ ಆಗಬೇಕೆಂದರೆ 35 ನಿಮಿಷ. ಕೆಲಸದವನು ಒಳಗಿರುವಷ್ಟು ಹೊತ್ತೂ ಅದು ಓಡುತ್ತಲೇ ಇರತಕ್ಕದ್ದು, ಯಾಕಂದರೆ ಕೆಸರನ್ನು ಕಲಕಿದಾಗ ಅಡಗಿದ್ದ ಗಾಳಿ ಮತ್ತೆ ಏಳುತ್ತದೆ. ದೀಪವೂ ಅವನ ಕಾಲಿಗಿಂತ ಕೆಳಗಿನ ಮಟ್ಟದಲ್ಲಿ ಉರಿಯುತ್ತಿರಲಿ. ಕರೆಂಟು ಹೋದರೆ ಕೂಡಲೇ ಅವನು ಮೇಲೆ ಬರಬೇಕು.

ಹಗ್ಗದ ವಿಷಯ ಎಲ್ಲಕ್ಕಿಂತ ದೊಡ್ಡದು. ಇಳಿಯುವವನ ಎದೆಗೂ ತೊಡೆಗೂ ಬರುವ ಬೆಲ್ಟು, ಈಗ ಮರ ಹತ್ತುವವರಿಗೆಂದು ಮಾರುತ್ತಾರಲ್ಲ, ಅದನ್ನು ಹಾಕಿಸಿ, ಹಗ್ಗವನ್ನು ರಾಟೆಗೆ ಹಾಯಿಸಿ, ಮೇಲೆ ಕಡಮೆ ಪಕ್ಷ ಇಬ್ಬರು ಹಿಡಿದಿರಬೇಕು. ಸೊಂಟಕ್ಕೆ ಮಾತ್ರ ಕಟ್ಟಿದ ಹಗ್ಗ ಉಪಯೋಗವಿಲ್ಲ. ಎಚ್ಚರ ತಪ್ಪಿದವನು ಅದರಲ್ಲಿ ಮಡಚಿ ನೇತುಬಿದ್ದು ಕಲ್ಲಿಗೆ ಸಿಕ್ಕಿಕೊಳ್ಳುವನು. ಹಗ್ಗ ಹಿಡಿಯುವವರಲ್ಲಿ ಒಬ್ಬನು ಮನೆಯ ಯಜಮಾನನೇ ಆಗಿರಲಿ ಎಂಬುದು ನನ್ನ ಅಭಿಪ್ರಾಯ. ಜಗಲಿಯಲ್ಲಿ ಎಲೆ ಹಾಕುತ್ತ ಕೂತವನಿಗೆ ಬಾವಿಯ ಮೌನ ಕೇಳಿಸುವುದಿಲ್ಲ. ಒಳಗಿದ್ದವನೊಡನೆ ಮಾತಾಡುತ್ತಲೇ ಇರಬೇಕು, ಹಾಡು ಹೇಳಿಸಿದರೂ ಆಗಬಹುದು. ಕರೆದದ್ದಕ್ಕೆ ಉತ್ತರ ಬಾರದಿದ್ದರೆ ಎರಡನೆಯ ಸಲ ಕರೆಯುತ್ತ ನಿಲ್ಲಬೇಡಿ, ಎಳೆಯಿರಿ.

ಹಗ್ಗವಿಲ್ಲದೆ ಇಳಿದು ಬಿದ್ದಿದ್ದರೆ? ಯಾರೂ ಇಳಿಯಕೂಡದು. ಇದನ್ನು ಬರೆಯುವುದು ಸುಲಭ, ತಮ್ಮನೋ ಮಗನೋ ತಳದಲ್ಲಿ ಕಾಣುತ್ತಿರುವಾಗ ಪಾಲಿಸುವುದು ಬಹಳ ಕಠಿಣವೆಂದು ನನಗೂ ಗೊತ್ತು. ಆದುದರಿಂದಲೇ ಇದನ್ನು ಕೆಲಸ ಸುರುವಾಗುವ ಮೊದಲು, ಎಲ್ಲರೂ ನಿಂತಿರುವಾಗ, ಬಾಯಿಬಿಟ್ಟು ಹೇಳಿಕೊಂಡಿರಬೇಕು: ಬಿದ್ದರೆ ಇಬ್ಬರು ಉಳಿದವರನ್ನು ತಡೆದು ಹಿಡಿಯುವವರು, ಒಬ್ಬನು ಫೋನು ಮಾಡುವವನು. ಅಗ್ನಿಶಾಮಕ ದಳದ ನಂಬರು 101. ಅವರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರು ಇದೆ, ಇಳಿಯಬಲ್ಲವರು ಅವರು. ಅವರು ಬರುವ ತನಕ ಬ್ಲೋವರಿನ ಕೊಳವೆಯನ್ನು ಬಿದ್ದವನ ಮುಖದ ಹತ್ತಿರಕ್ಕೆ ಇಳಿಸಿ ಊದುತ್ತಿರಬೇಕು. ಮೇಲೆ ತಂದವನಿಗೆ ಉಸಿರಿಲ್ಲವಾದರೆ ಬಯಲಿನಲ್ಲಿ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈಯೂರಿ ಎರಡು ಇಂಚು ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. 108ರ ಗಾಡಿ ಬರುವವರೆಗೂ ನಿಲ್ಲಿಸಬಾರದು. ಸುತ್ತ ಜನ ಮುತ್ತುವುದನ್ನು ತಡೆಯಿರಿ.

ಕೊಳವೆಬಾವಿ ಬಂದ ಮೇಲೆ ನಮ್ಮಲ್ಲಿ ಅನೇಕ ಹಳೆಯ ಬಾವಿಗಳು ಕಾಡು ಬೆಳೆದು ನಿಂತಿವೆ. ಅವುಗಳ ಬಾಯಿಗೆ ಕಾಂಕ್ರೀಟಿನ ಹಲಗೆ ಮುಚ್ಚುವುದಕ್ಕಿಂತ ಕಬ್ಬಿಣದ ಬಲೆ ಹಾಕುವುದು ಮೇಲು, ಗಾಳಿಯಾಡುತ್ತದೆ. ಇನ್ನು ಬಾವಿಗೆ ಬಿದ್ದ ಕೊಡಕ್ಕೂ ಕೋಳಿಗೂ ಯಾರೂ ಇಳಿಯಬೇಕಾಗಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಊರಿಗೊಂದಾದರೂ ಪಾತಾಳಗರಡಿ ಇರುತ್ತಿತ್ತು. ಈಗ ಅದು ಅಟ್ಟದಲ್ಲಿ ತುಕ್ಕು ಹಿಡಿದಿರಬಹುದು. ಹುಡುಕಿ ಇಳಿಸಿ, ಕೊಂಡಿಗಳಿಗೆ ಎಣ್ಣೆ ಹಚ್ಚಿ, ಬಾವಿಯ ಆಳಕ್ಕಿಂತ ಹತ್ತು ಅಡಿ ಉದ್ದದ ಹಗ್ಗ ಕಟ್ಟಿ ಬಾವಿಕಟ್ಟೆಯ ಹತ್ತಿರವೇ ತೂಗುಹಾಕಿರಿ.